ಸೀಮೆಬದನೆಯ ಊರು ಯಾವುದು? ನಗರ ನಡಿಗೆಯಲ್ಲೊಂದು ಸಮಾಜ ವಿಜ್ಞಾನ ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ನಮ್ಮ ಇಬ್ಬರು ಪ್ರಶಿಕ್ಷಣಾರ್ಥಿಗಳು ಎಂಟನೆಯ ತರಗತಿಯ ಮೂವತ್ತೆರಡು ಮಕ್ಕಳನ್ನು ಬೆಂಗಳೂರಿನ ಮೂರು ಬಡಾವಣೆಗಳಿಗೆ ನಡಿಗೆಯಲ್ಲಿ ಕರೆದೊಯ್ದರು. ಮೇಲ್ವಿಚಾರಕನಾಗಿ ನಾನೂ ಜೊತೆಗಿದ್ದೆ. ಪಾಠದ ವಿಷಯ ‘ನಗರದ ಬೆಳವಣಿಗೆ ಮತ್ತು ಆಹಾರದ ವೈವಿಧ್ಯ’. ಇಂಥ ಪಾಠವನ್ನು ಯೋಜಿಸುವವರಿಗೆ ಉಪಯೋಗವಾಗಲೆಂದು ಅದರ ಸಿದ್ಧತೆ, ತೊಡಕು ಮತ್ತು ತಿದ್ದುಪಡಿಗಳನ್ನು ಇಲ್ಲಿ ದಾಖಲಿಸಿದ್ದೇನೆ.

ಮೊದಲ ಪಾಠಯೋಜನೆಯಲ್ಲಿ ಆದ ತಪ್ಪು

ನಡಿಗೆಯ ಹಿಂದಿನ ದಿನ ಮಕ್ಕಳಿಗೆ ಒಂದು ಅಭ್ಯಾಸ ಹಾಳೆ ಕೊಟ್ಟಿದ್ದೆವು. ಅದರ ಮೊದಲ ಪ್ರಶ್ನೆ: ‘ನಿನ್ನೆ ನಿಮ್ಮ ಮನೆಯಲ್ಲಿ ಏನು ಅಡುಗೆ?’ ಪೂರ್ವಜ್ಞಾನ ಪರೀಕ್ಷೆಗೆ ಇದಕ್ಕಿಂತ ಸರಳ ಪ್ರಶ್ನೆ ಇರಲಾರದು ಎಂದುಕೊಂಡಿದ್ದೆವು. ಒಬ್ಬ ಹುಡುಗ ಏನನ್ನೋ ಬರೆದು, ಪಕ್ಕದವನ ಹಾಳೆ ನೋಡಿ, ತನ್ನದನ್ನು ಅಳಿಸಿ ‘ಅನ್ನ, ಸಾರು’ ಎಂದು ಬರೆದ. ಅಳಿಸಿದ ಗುರುತು ಹಾಳೆಯ ಮೇಲೆ ಉಳಿದಿತ್ತು. ಏನು ಬರೆದಿದ್ದೆ ಎಂದು ನಾವು ಕೇಳಲಿಲ್ಲ.

ಸಂಜೆಯ ಚರ್ಚೆಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಆ ಹಾಳೆಯನ್ನು ಮೇಜಿನ ಮೇಲಿಟ್ಟರು. “ಸರ್, ವೈವಿಧ್ಯದ ಪಾಠಕ್ಕೆ ಹೊರಟು ಒಂದು ಮಗು ತನ್ನ ಮನೆಯ ಊಟ ಮುಚ್ಚಿಡುವ ಹಾಗೆ ಮಾಡಿದೆವು” ಎಂದರು. ನಮ್ಮ ಸಮಾಜದಲ್ಲಿ ಊಟದ ಮಾತು ಜಾತಿ, ಮತ, ಬಡತನಗಳ ಮಾತೂ ಹೌದು. ‘ನೀನು ಏನು ತಿನ್ನುತ್ತೀಯ?’ ಎಂದರೆ ಮಗು ತನ್ನ ಮನೆಯ ಸಾಕ್ಷಿ ಹೇಳಬೇಕಾಗುತ್ತದೆ. ಆ ರಾತ್ರಿಯೇ ಪ್ರಶ್ನೆ ಬದಲಾಯಿತು: ‘ಈ ಪದಾರ್ಥ ಇಲ್ಲಿಗೆ ಎಲ್ಲಿಂದ ಬಂತು? ಅದರ ಹೆಸರು ಏನು ಹೇಳುತ್ತದೆ?’ ಈಗ ಸಾಕ್ಷಿ ಹೇಳಬೇಕಾದದ್ದು ಮಗುವಲ್ಲ, ತರಕಾರಿ.

ಸಿದ್ಧತೆ

ಪೋಷಕರ ಒಪ್ಪಿಗೆ ಪತ್ರ ಪಡೆದು, ಎಂಟೆಂಟು ಮಕ್ಕಳ ನಾಲ್ಕು ಗುಂಪು ಮಾಡಿದೆವು. ಯಾರೂ ಹಣ ತರಬಾರದು, ಯಾರೂ ಪ್ರತ್ಯೇಕವಾಗಿ ಏನನ್ನೂ ಕೊಳ್ಳಬಾರದು ಎಂಬುದು ಕಟ್ಟುನಿಟ್ಟಿನ ನಿಯಮ. ದಾರಿಯಲ್ಲಿ ಎಲ್ಲರಿಗೂ ಒಂದೇ ತಿಂಡಿ, ಬಾಳೆಹಣ್ಣು. ಮಧ್ಯಾಹ್ನ ಶಾಲೆಗೆ ಮರಳಿ ಬಿಸಿಯೂಟ. ಪ್ರತಿ ಗುಂಪಿನ ಹಾಳೆಯಲ್ಲಿ ಮೂರು ಅಂಕಣಗಳಿದ್ದವು: ಕಂಡದ್ದು, ಕೇಳಿದ್ದು, ಊಹಿಸಿದ್ದು.

ಮೊದಲ ನಿಲ್ದಾಣ: ಗಾಂಧಿ ಬಜಾರು

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಹಳೆಯ ಪೇಟೆಯ ದಟ್ಟಣೆಯೇ ಅಪಾಯವಾಯಿತು. ಗಾಳಿ ಬೆಳಕಿನ ಅಗಲವಾದ ರಸ್ತೆಗಳ ಬಡಾವಣೆಗಳಾಗಿ ಬಸವನಗುಡಿ, ಮಲ್ಲೇಶ್ವರ ರೂಪುಗೊಂಡವು. ಮಕ್ಕಳು ಗಾಂಧಿ ಬಜಾರಿನ ರಸ್ತೆಯ ಅಗಲವನ್ನು ಹೆಜ್ಜೆಯಲ್ಲಿ ಅಳೆದು ಬರೆದುಕೊಂಡರು. ಅದೇ ಅಳತೆಯನ್ನು ಪೇಟೆಯಲ್ಲೂ ತೆಗೆಯಬೇಕಿತ್ತು.

ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ನಡೆಯುವ ಕಡಲೆಕಾಯಿ ಪರಿಷೆಯನ್ನು ಹಲವರು ಕಂಡಿದ್ದರು. ಕಡಲೆಕಾಯಿ ಮೂಲತಃ ದಕ್ಷಿಣ ಅಮೆರಿಕದ ಬೆಳೆ ಎಂದಾಗ ಯಾರೂ ನಂಬಲಿಲ್ಲ. “ಹಾಗಾದರೆ ರಾಗಿ?” ಎಂದಳು ಒಬ್ಬಳು. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಅದು ಇಲ್ಲಿಗೆ ಬಂದು ಸಾವಿರಾರು ವರ್ಷಗಳಾಗಿವೆ. ನಮ್ಮದು ಎಂದು ಎದೆ ತಟ್ಟಿ ಹೇಳುವ ಮುದ್ದೆಯೂ ವಲಸೆ ಬಂದ ಧಾನ್ಯದ್ದೇ.

ಎರಡನೆಯ ನಿಲ್ದಾಣ: ಪೇಟೆ

ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಮೆಟ್ರೊದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಬಂದೆವು. ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರಿನ ತಿರುಳು ಇದು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಹೀಗೆ ಹೆಸರುಗಳೇ ಹಳೆಯ ಕಸುಬುಗಳ ಪಟ್ಟಿ.

ಇಲ್ಲಿ ಎರಡು ಎಡವಟ್ಟುಗಳಾದವು. ಚಿಕ್ಕಪೇಟೆಯ ಗದ್ದಲದಲ್ಲಿ ಪ್ರಶಿಕ್ಷಣಾರ್ಥಿಯ ವಿವರಣೆ ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಹೇಳಬೇಕಾದದ್ದನ್ನು ತರಗತಿಯಲ್ಲೇ ಹೇಳಿ ಬರಬೇಕು, ಬೀದಿಯಲ್ಲಿ ನೋಡಲು ಬಿಡಬೇಕು. ಎರಡನೆಯದು, ‘ಬಳೇಪೇಟೆಯಲ್ಲಿ ಬಳೆ ಸಿಗುತ್ತದೆ’ ಎಂದು ಮಕ್ಕಳು ಮೊದಲೇ ‘ಕಂಡದ್ದು’ ಅಂಕಣದಲ್ಲಿ ತುಂಬಿಕೊಂಡಿದ್ದರು. ಅಲ್ಲಿ ಕಣ್ಣಿಗೆ ಬಿದ್ದದ್ದು ತಬಲ, ವೀಣೆ, ಹಾರ್ಮೋನಿಯಂ ಅಂಗಡಿಗಳು. ಮಕ್ಕಳು ತಾವಾಗಿಯೇ ಆ ಸಾಲನ್ನು ‘ಊಹಿಸಿದ್ದು’ ಅಂಕಣಕ್ಕೆ ಸಾಗಿಸಿದರು. ಆಧಾರಕ್ಕೂ ಊಹೆಗೂ ಇರುವ ವ್ಯತ್ಯಾಸವನ್ನು ಇಷ್ಟು ಸ್ಪಷ್ಟವಾಗಿ ಕಪ್ಪುಹಲಗೆಯ ಮೇಲೆ ಕಲಿಸಲು ನನಗೆ ಎಂದೂ ಆಗಿಲ್ಲ.

ಮೂರನೆಯ ನಿಲ್ದಾಣ: ಶಿವಾಜಿನಗರ

ಮಾರುಕಟ್ಟೆಯಿಂದ ಬಸ್ಸಿನಲ್ಲಿ ಶಿವಾಜಿನಗರ. 1809ರಲ್ಲಿ ಬ್ರಿಟಿಷರು ದಂಡು ಪ್ರದೇಶವನ್ನು ಸ್ಥಾಪಿಸಿದಾಗ ಸೈನ್ಯದ ಹಿಂದೆಯೇ ಮದರಾಸು ಪ್ರಾಂತ್ಯದಿಂದ ತಮಿಳು ಮಾತನಾಡುವ ಅನೇಕ ಕುಟುಂಬಗಳು ಬಂದು ನೆಲೆಸಿದವು. ಪೇಟೆಗೂ ದಂಡಿಗೂ ಬೇರೆ ಬೇರೆ ಆಡಳಿತಗಳಿದ್ದವು. ಎರಡೂ ಒಂದೇ ನಗರಸಭೆಯಡಿ ಬಂದದ್ದು 1949ರಲ್ಲಿ. ಸೇಂಟ್ ಮೇರಿ ಬೆಸಿಲಿಕಾದ ಗೋಪುರ, ಮಸೀದಿಗಳು, 1927ರ ರಸೆಲ್ ಮಾರುಕಟ್ಟೆ, ಉರ್ದು, ತಮಿಳು, ಕನ್ನಡದ ಕೂಗು, ಎಲ್ಲವೂ ಕೆಲವೇ ಹೆಜ್ಜೆಗಳ ಒಳಗೆ.

ತರಕಾರಿ ಮಾರುವವರೊಬ್ಬರ ಬುಟ್ಟಿಯಲ್ಲಿ ಸೀಮೆಬದನೆಕಾಯಿ ಇತ್ತು. “ಅಕ್ಕಾ, ಇದಕ್ಕೆ ನಿಮ್ಮ ಮನೇಲಿ ಏನಂತೀರಿ?” ಎಂದು ಒಂದು ಗುಂಪು ಕೇಳಿತು. “ಬೆಂಗಳೂರು ಕತ್ತರಿಕ್ಕಾಯ್” ಎಂದರು ಆಕೆ. ತೆಲುಗು ಮನೆಮಾತಿನ ಹುಡುಗಿಯೊಬ್ಬಳು ಕೂಡಲೇ, “ನಮ್ಮಲ್ಲೂ ಬೆಂಗಳೂರು ವಂಕಾಯ!” ಎಂದಳು.

ಮಕ್ಕಳು ನಿಂತಲ್ಲೇ ಚರ್ಚೆಗೆ ಇಳಿದರು. ಸೀಮೆ ಎಂದರೆ ಹೊರನಾಡು: ಸೀಮೆಎಣ್ಣೆ, ಸೀಮೆಹಸು, ನಾವು ದಿನವೂ ಹಿಡಿಯುವ ಸೀಮೆಸುಣ್ಣ. ಬೆಂಗಳೂರಿನವರು ಯಾವುದನ್ನು ಪರದೇಶದ್ದು ಎನ್ನುತ್ತಾರೋ ಅದನ್ನೇ ನೆರೆಯವರು ಬೆಂಗಳೂರಿನದು ಎನ್ನುತ್ತಾರೆ! ಅದರ ತವರಾದರೋ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ. ಹಾಗಾದರೆ ಅದರ ಊರು ಯಾವುದು? ಪ್ರಶಿಕ್ಷಣಾರ್ಥಿ ಉತ್ತರ ಹೇಳದೆ ಸುಮ್ಮನಿದ್ದರು. ಅವರ ಇಡೀ ಪಾಠದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಆ ಮೌನ.

ಮೌಲ್ಯಮಾಪನ

ಮಧ್ಯಾಹ್ನ ಬಿಸಿಯೂಟದ ಅನ್ನ ಸಾಂಬಾರೇ ಪರೀಕ್ಷೆಯ ಸಾಮಗ್ರಿ. ಎಲ್ಲರ ತಟ್ಟೆಯಲ್ಲೂ ಇದ್ದದ್ದು ಒಂದೇ ಆದ್ದರಿಂದ ಯಾರೂ ಏನನ್ನೂ ಅಳಿಸಬೇಕಾಗಿರಲಿಲ್ಲ. ಗುಂಪುಗಳು ಪಟ್ಟಿ ಮಾಡಿದವು. ತೊಗರಿ ಭಾರತದ್ದೇ. ಹುಣಸೆ ಆಫ್ರಿಕ ಮೂಲದ್ದು. ಟೊಮೆಟೊ, ಮೆಣಸಿನಕಾಯಿ ಅಮೆರಿಕ ಖಂಡದವು, ಪೋರ್ಚುಗೀಸರು ಬಂದ ಮೇಲೆ ಇಲ್ಲಿಗೆ ತಲುಪಿದವು. ಪಟ್ಟಿ ತಪ್ಪಿದ ಗುಂಪುಗಳೂ ಇದ್ದವು. ಅಂಕವನ್ನು ಸರಿಯುತ್ತರಕ್ಕಿಂತ ಮೂರು ಅಂಕಣಗಳನ್ನು ಬೆರೆಸದೆ ಬರೆದದ್ದಕ್ಕೆ ಕೊಟ್ಟೆವು.

ಪ್ರಶಿಕ್ಷಣಾರ್ಥಿಗಳಿಗೆ

ಒಂದೇ ದಿನಕ್ಕೆ ಮೂರು ಬಡಾವಣೆ ಹೆಚ್ಚಾಯಿತು, ಎರಡು ಸಾಕು. ರಸ್ತೆಯ ಅಗಲದ ಹೋಲಿಕೆ ಪೇಟೆಯ ಜನಸಂದಣಿಯಲ್ಲಿ ಅರ್ಧಕ್ಕೇ ನಿಂತಿತು. ಅದನ್ನು ನಕ್ಷೆಯ ಮೇಲೆ ಮಾಡಿಸಬಹುದಿತ್ತು. ನಿಮ್ಮದು ಸಣ್ಣ ಊರಾದರೆ ಸಂತೆಯೇ ಸಾಕು. ಎಲ್ಲಿಯೇ ಆಗಲಿ, ಪ್ರಶ್ನೆಯನ್ನು ಮಗುವಿನ ಮನೆಯ ಒಲೆಯಿಂದ ಆರಂಭಿಸಬೇಡಿ. ಪದಾರ್ಥದಿಂದ ಆರಂಭಿಸಿ. ಮನೆಯ ಮಾತನ್ನು ಮಗು ತಾನಾಗಿ ತಂದರೆ, ಆ ತೆಲುಗು ಹುಡುಗಿಯಂತೆ, ಅದಕ್ಕೆ ಜಾಗವಿರಲಿ.

ಅಳಿಸಿ ಬರೆದ ಹುಡುಗ ಅಂದು ಹೆಚ್ಚು ಮಾತನಾಡಲಿಲ್ಲ. ಆದರೆ ಹಾಳೆಯ ಕೊನೆಯಲ್ಲಿ ಒಂದು ಪ್ರಶ್ನೆ ಬರೆದಿದ್ದ: ‘ಮೆಣಸಿನಕಾಯಿ ಬರುವ ಮೊದಲು ಸಾರಿಗೆ ಖಾರ ಯಾವುದು?’ ಪ್ರಶಿಕ್ಷಣಾರ್ಥಿ ಉತ್ತರ ಬರೆಯದೆ, ‘ಹೆಸರನ್ನೇ ಬಿಡಿಸಿ ನೋಡು’ ಎಂದು ಬರೆದು ಹಿಂತಿರುಗಿಸಿದರು. ಮರುದಿನ ಹಾಳೆ ಮತ್ತೆ ಬಂತು. ಕೆಳಗೆ ‘ಮೆಣಸು’ ಎಂದಿತ್ತು. ಈ ಬಾರಿ ಅಳಿಸಿದ ಗುರುತಿರಲಿಲ್ಲ.