ಜೇಡ ಕಚ್ಚಿದರೆ ಜೀವಕ್ಕೆ ಅಪಾಯವೇ?

ಪ್ರಶ್ನೆ: ಡಾಕ್ಟರೇ, ನಮ್ಮ ಅಡಿಕೆ ತೋಟದ ಧರೆಯಲ್ಲಿ ಬಿಲ ಮಾಡಿಕೊಂಡು ಅಂಗೈಯಗಲದ, ಮೈತುಂಬ ರೋಮವಿರುವ ಜೇಡಗಳಿವೆ. ಇವು ಕಚ್ಚಿದರೆ ಎರಡು ಗಂಟೆಯಲ್ಲಿ ಸಾವು ಎಂಬ ವಿಡಿಯೊ ವಾಟ್ಸಾಪಿನಲ್ಲಿ ಬಂದಿದೆ. ಆರು ವರ್ಷದ ಮಗನನ್ನು ತೋಟಕ್ಕೆ ಬಿಡಲು ಭಯವಾಗುತ್ತಿದೆ. ಬಿಲಗಳಿಗೆ ಔಷಧಿ ಹೊಡೆಸಲೇ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಹೊಡೆಸಬೇಡಿ. ಆ ವಿಡಿಯೊ ಸುಳ್ಳು. ನೀವು ಹೇಳುತ್ತಿರುವುದು ಟರಾಂಟುಲಾ ಗುಂಪಿನ ಜೇಡ. ಪಶ್ಚಿಮಘಟ್ಟದ ಮಣ್ಣಿನ ಧರೆಗಳಲ್ಲಿ ವಾಸಿಸುವ ತ್ರಿಗ್ಮೋಪಿಯಸ್ ಕುಲದ್ದಿರಬಹುದು. ಹಗಲೆಲ್ಲ ಬಿಲದೊಳಗೇ ಇದ್ದು, ಕತ್ತಲಾದ ಮೇಲೆ ಬಾಯಿಯ ಹತ್ತಿರ ಬಂದು ಹುಳುಹುಪ್ಪಟೆಗೆ ಕಾಯುತ್ತದೆ. ಕಡ್ಡಿ ಹಾಕಿ ತಿವಿದರೆ ಮುಂಗಾಲುಗಳನ್ನು ಮೇಲೆತ್ತಿ ಹಲ್ಲು ತೋರಿಸುತ್ತದೆ. ಅಷ್ಟಾದರೂ ಬಿಡದೆ ಕೆಣಕಿದವರನ್ನು ಕಚ್ಚುತ್ತದೆ. ಬಿಲಕ್ಕೆ ಕೈ ಹಾಕಬಾರದು, ಕಡ್ಡಿ ಆಡಿಸಬಾರದು ಎಂದು ಮಗನಿಗೆ ಹೇಳಿಕೊಡಿ, ಸಾಕು.

ಹೆಚ್ಚುಕಡಿಮೆ ಎಲ್ಲ ಜೇಡಗಳಿಗೂ ವಿಷವಿದೆ. ಆದರೆ ಅದು ಕೀಟಗಳನ್ನು ಕೆಡವಲು ಇರುವ ವಿಷ. ಮನುಷ್ಯರಿಗೆ ಸಾಮಾನ್ಯವಾಗಿ ಉರಿ, ನೋವು, ಬಾವು ಬಂದು ಒಂದೆರಡು ದಿನದಲ್ಲಿ ಇಳಿಯುತ್ತದೆ. ಮರದ ಪೊಟರೆಗಳಲ್ಲಿ ಇರುವ, ಮೈಮೇಲೆ ಚಿತ್ತಾರವಿರುವ ಪೊಯಿಸಿಲೊಥೀರಿಯಾ ಎಂಬ ಟರಾಂಟುಲಾ ಮಾತ್ರ ಸ್ವಲ್ಪ ಜೋರು. ಕಚ್ಚಿದ ಕೆಲವು ಗಂಟೆಗಳ ನಂತರ ಮೈಕೈ ಸ್ನಾಯುಗಳು ಸೆಡೆತುಕೊಳ್ಳುತ್ತವೆ, ಕೆಲವರಿಗೆ ಆ ಸೆಡೆತ ವಾರಗಟ್ಟಲೆ ಮರುಕಳಿಸುತ್ತದೆ. ಅಂಥವರನ್ನು ಆಸ್ಪತ್ರೆಯಲ್ಲಿಟ್ಟು ಸ್ನಾಯು ಸಡಿಲಿಸುವ ಔಷಧಿ ಕೊಡಬೇಕಾಗುತ್ತದೆ. ಹಾಗಿದ್ದರೂ ಟರಾಂಟುಲಾ ವಿಷದಿಂದಲೇ ಮನುಷ್ಯ ಸತ್ತನೆಂದು ಖಚಿತವಾಗಿ ದಾಖಲಾದ ಪ್ರಕರಣವಿಲ್ಲ. ನಿಜಕ್ಕೂ ಜೀವ ತೆಗೆಯಬಲ್ಲ ಜೇಡಗಳಲ್ಲೊಂದು ಆಸ್ಟ್ರೇಲಿಯಾದ ಸಿಡ್ನಿ ಫನಲ್‌ವೆಬ್. ಅಲ್ಲಿಯೂ 1981ರಲ್ಲಿ ಪ್ರತಿವಿಷ ಬಂದ ಮೇಲೆ ಅದರಿಂದ ಸಾವು ಸಂಭವಿಸಿಲ್ಲ.

ನನಗೆ ಭಯವಿರುವುದು ಕಚ್ಚಿದ ಮೇಲೆ ನಮ್ಮ ಜನ ಮಾಡಿಕೊಳ್ಳುವ ಉಪಚಾರದ ಬಗ್ಗೆ. 2012ರಲ್ಲಿ ಅಸ್ಸಾಮಿನ ಸಾದಿಯಾ ಭಾಗದಲ್ಲಿ ದೊಡ್ಡ ಜೇಡಗಳು ಊರಿಗೆ ನುಗ್ಗಿ ಇಬ್ಬರನ್ನು ಕೊಂದವೆಂದು ದೇಶವೆಲ್ಲ ಸುದ್ದಿಯಾಯಿತು. ಸತ್ತವರು ಮೊದಲು ಹೋಗಿದ್ದು ಮಂತ್ರವಾದಿಗಳ ಬಳಿಗೆ. ಅಲ್ಲಿ ಗಾಯವನ್ನು ಬ್ಲೇಡಿನಿಂದ ಕೊಯ್ದಿದ್ದರೆಂದು ವರದಿಯಾಯಿತು. ಸಾವಿಗೆ ಜೇಡದ ವಿಷವೇ ಕಾರಣವೆಂದು ಸಾಬೀತಾಗಲಿಲ್ಲ. ದಯವಿಟ್ಟು ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗ ಬಿಗಿಯಬೇಡಿ, ಸುಣ್ಣ ಬಳಿಯಬೇಡಿ. ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ನೋವಿಗೆ ಪ್ಯಾರಸಿಟಮಾಲ್ ಕೊಡಿ. ಟಿಟಿ ಇಂಜೆಕ್ಷನ್ ಬಾಕಿಯಿದ್ದರೆ ಹಾಕಿಸಿ. ನೋವು ಮೈಗೆಲ್ಲ ಹರಡಿದರೆ, ವಿಪರೀತ ಬೆವರಿದರೆ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ರಾತ್ರಿ ನೆಲದ ಮೇಲೆ ಮಲಗಿದ್ದವರಿಗೆ ಏನೋ ಚುಚ್ಚಿದಂತಾಗಿ, ನೋಡಿದರೆ ಗುರುತೂ ಇಲ್ಲ, ನೋವೂ ಇಲ್ಲ. ‘ಜೇಡವೋ ಇರುವೆಯೋ’ ಎಂದು ಮತ್ತೆ ಮಲಗುತ್ತಾರೆ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ರೆಪ್ಪೆ ಎತ್ತಲಾಗದಷ್ಟು ಭಾರ, ಮಾತು ತೊದಲು. ಇದು ಕಟ್ಟುಹಾವಿನ ಕಡಿತ. ಉಸಿರಾಟದ ಸ್ನಾಯುಗಳು ಸೋಲುವ ಮೊದಲೇ ಆಸ್ಪತ್ರೆ ಮುಟ್ಟಬೇಕು. ತಕ್ಷಣ 108ಕ್ಕೆ ಕರೆ ಮಾಡಿ. ಕಚ್ಚಿದ್ದು ಏನೆಂದು ಕಣ್ಣಾರೆ ಕಾಣದಿದ್ದರೆ ಅದನ್ನು ಜೇಡವೆಂದು ತೀರ್ಮಾನಿಸಲೇಬೇಡಿ.

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ನಿನ್ನೆಯಿಂದ ಎದೆಯ ಬಲಭಾಗದಲ್ಲಿ ಬೆನ್ನಿನವರೆಗೆ ಪಟ್ಟಿಯಂತೆ ನೀರುಗುಳ್ಳೆ ಎದ್ದು ಉರಿಯುತ್ತಿದೆ. ಜೇಡ ಉಚ್ಚೆ ಹೊಯ್ದಿದೆ ಎಂದು ಅಕ್ಕಪಕ್ಕದವರು ಕೆಮ್ಮಣ್ಣು ಹಚ್ಚಿಸಿದ್ದಾರೆ.
– ಓದುಗರು, ತಿಪಟೂರು

ಉತ್ತರ: ಜೇಡದ ಮೂತ್ರದಿಂದ ಗುಳ್ಳೆ ಏಳುವುದಿಲ್ಲ. ದೇಹದ ಒಂದೇ ಪಕ್ಕದಲ್ಲಿ ಹೀಗೆ ಪಟ್ಟಿಯಾಗಿ ಬಂದರೆ ಅದು ಸರ್ಪಸುತ್ತು. ಹಿಂದೆ ಬಂದು ಹೋದ ಸೀತಾಳೆ ಸಿಡುಬಿನ ವೈರಸ್ ನರದಲ್ಲಿ ಅಡಗಿದ್ದು ಮತ್ತೆ ಎದ್ದಿರುತ್ತದೆ. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ನಿರೋಧಕ ಮಾತ್ರೆ ಶುರುವಾದರೆ ಬೇಗ ವಾಸಿಯಾಗುತ್ತದೆ. ನಿಮಗಿನ್ನೂ ಸಮಯವಿದೆ. ಕೆಮ್ಮಣ್ಣು ತೊಳೆದು ಇವತ್ತೇ ವೈದ್ಯರಿಗೆ ತೋರಿಸಿ.

ಜೇಡದ ಹೆಸರಿನಲ್ಲಿ ಬರುವ ಬೇರೆ ತೊಂದರೆಗಳೂ ಇವೆ. ಮಳೆಗಾಲದಲ್ಲಿ ದೀಪಕ್ಕೆ ಬರುವ ಕಪ್ಪು–ಕಿತ್ತಳೆ ಬಣ್ಣದ ಒಂದು ಸಣ್ಣ ಹುಳವನ್ನು ಕುತ್ತಿಗೆಯ ಮೇಲೆ ಉಜ್ಜಿ ಸಾಯಿಸಿದರೆ, ಮರುದಿನ ಅಲ್ಲಿ ಸುಟ್ಟಂತೆ ಗೆರೆ ಏಳುತ್ತದೆ. ಕಂಕುಳಲ್ಲೋ ತೊಡೆಸಂದಿಯಲ್ಲೋ ನೋವಿಲ್ಲದ ಕಪ್ಪು ಹಕ್ಕಳೆಯಿದ್ದು ಜೊತೆಗೆ ಜ್ವರವಿದ್ದರೆ ಅದು ಸ್ಕ್ರಬ್ ಟೈಫಸ್ ಇರಬಹುದು. ಡಾಕ್ಸಿಸೈಕ್ಲಿನ್ ಮಾತ್ರೆಗೆ ಚೆನ್ನಾಗಿ ಬಗ್ಗುವ ಈ ಜ್ವರ, ಬಿಟ್ಟರೆ ಪ್ರಾಣಕ್ಕೆ ಬರುತ್ತದೆ. ಆ ಹಕ್ಕಳೆಯನ್ನು ವೈದ್ಯರಿಗೆ ನೀವೇ ತೋರಿಸಿ, ಬಟ್ಟೆಯ ಮರೆಯಲ್ಲಿ ತಪ್ಪಿಹೋಗುತ್ತದೆ.

ಪ್ರಶ್ನೆ: ಗೆಳೆಯನೊಬ್ಬ ದಕ್ಷಿಣ ಅಮೆರಿಕದ ಟರಾಂಟುಲಾ ಸಾಕಿದ್ದಾನೆ. ನಾನೂ ಸಾಕಬಹುದೇ?
– ಓದುಗರು, ಬೆಂಗಳೂರು

ಉತ್ತರ: ಬೇಡ. ಅಮೆರಿಕ ಖಂಡಗಳ ಅನೇಕ ಟರಾಂಟುಲಾಗಳು ಹೆದರಿದಾಗ ಹಿಂಗಾಲಿನಿಂದ ಹೊಟ್ಟೆಯ ಮೇಲಿನ ರೋಮಗಳನ್ನು ಕೆರೆದು ಗಾಳಿಗೆ ಎರಚುತ್ತವೆ. ನಮ್ಮ ದೇಶದವಕ್ಕೆ ಆ ರೋಮಗಳಿಲ್ಲ. ಎರಚಿದ ರೋಮಗಳು ಕಣ್ಣಿಗೆ ಹೊಕ್ಕರೆ ಕಾರ್ನಿಯಾದಲ್ಲಿ ನಾಟಿಕೊಂಡು ತಿಂಗಳುಗಟ್ಟಲೆ ಕೆಂಪು, ನೋವು ಉಳಿಯುತ್ತದೆ. ನಿಮ್ಮ ಗೆಳೆಯನಿಗೂ ಹೇಳಿ: ಪೆಟ್ಟಿಗೆ ತೊಳೆಯುವಾಗ ಕನ್ನಡಕ, ಗ್ಲೌಸ್ ಇರಲಿ, ಕಣ್ಣಿಗೇನಾದರೂ ಬಿದ್ದರೆ ಉಜ್ಜದೆ ನೀರು ಹಾಯಿಸಿ ನೇರ ಕಣ್ಣಿನ ವೈದ್ಯರ ಬಳಿ ಹೋಗಲಿ, ಮನೆಯಲ್ಲಿ ಟರಾಂಟುಲಾ ಇದೆ ಎಂಬುದನ್ನು ಮುಚ್ಚಿಡದೆ ಹೇಳಲಿ.