ಕೂಸಿಗೂ ಒಂದು ಸರದಿ ಕೊಡು, ತಂಗೀ

ತಂಗೀ, ಕೂಸು ಊಟ ಮಾಡಲಿ ಅಂತ ಮೊಬೈಲಿನಲ್ಲಿ ಹಾಡು ಹಚ್ಚಿ ಮುಂದಿಡುತ್ತೀಯಲ್ಲ, ಅದರ ಬಗ್ಗೆ ಎರಡು ಮಾತು. ಬೈಯುವುದಕ್ಕಲ್ಲ. ಹೊಲ, ಮನೆ, ಹಿರಿಯರ ಔಷಧ ಎಲ್ಲ ನಿನ್ನ ತಲೆಯ ಮೇಲೇ ಇರುವಾಗ ಕೂಸು ಅರ್ಧ ತಾಸು ಸುಮ್ಮನಿದ್ದರೆ ಸಾಕು ಅನ್ನಿಸುವುದು ಸಹಜ. ಆದರೆ ಮೊಬೈಲು ತನ್ನ ಪಾಡಿಗೆ ತಾನು ಹಾಡಿಕೊಂಡು ಹೋಗುತ್ತದೆ. ಕೂಸು ನಕ್ಕರೂ ಅತ್ತರೂ ಅದು ನಿಲ್ಲುವುದಿಲ್ಲ. ನೀನು ನಿಲ್ಲುತ್ತೀ, ಮುಖ ನೋಡುತ್ತೀ. ಮಾತು ಕಲಿಯಲು ಕೂಸಿಗೆ ಬೇಕಾದದ್ದು ಅದೇ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಹೀಗೆ ಹೇಳಿದೆ: ಎರಡು ವರ್ಷ ತುಂಬುವವರೆಗೆ ಪರದೆ ಬೇಡ, ಆಮೇಲೆ ನಾಲ್ಕರವರೆಗೂ ದಿನಕ್ಕೆ 1 ತಾಸು ಮೀರಬಾರದು.

ಮೊಬೈಲಿನ ಬದಲು ನೀನೇ ಹಾಡು. ‘ನನಗೆ ರಾಗ ಬರೋದಿಲ್ಲ’ ಅನ್ನಬೇಡ. ಹೊಟ್ಟೆಯಲ್ಲಿದ್ದಾಗಲೇ ಕೂಸು ನಿನ್ನ ದನಿ ಕೇಳಿದೆ. ಹುಟ್ಟಿದ ಎರಡು ಮೂರು ದಿನದಲ್ಲೇ ಅದನ್ನು ಗುರುತಿಸಬಲ್ಲದು. ನಿಮ್ಮ ಅತ್ತೆಯವರಿಗೆ ಬರುವ ಜೋಗುಳವಾಗಲಿ, ಬೀಸುವ ಪದವಾಗಲಿ, ಒಂದನ್ನೇ ದಿನವೂ ಹಾಡು. ಕೂಸಿಗೆ ಬೇಸರವೆಂಬುದಿಲ್ಲ, ಮುಂದೇನು ಬರುತ್ತದೆಂದು ಗೊತ್ತಿರುವುದೇ ಅದಕ್ಕೆ ಹಿಗ್ಗು. ಒಂದೂವರೆ ವರ್ಷವಾದ ಮೇಲೆ ಸಾಲಿನ ಕೊನೆಯ ಪದ ಬಿಟ್ಟು ಸುಮ್ಮನಾಗು. ತುಟಿ ಅಲ್ಲಾಡುತ್ತದೆ, ಅರೆಬರೆ ದನಿ ಹೊರಡುತ್ತದೆ. ಆಗ ನೀನು ಅವಸರಪಟ್ಟು ಪದ ತುಂಬಬೇಡ.

ಇದಕ್ಕೆ ಬೇರೆ ಹೊತ್ತು ತೆಗೆಯಬೇಕಾಗಿಲ್ಲ. ರೊಟ್ಟಿ ಬಡಿಯುವಾಗ ಒಲೆಯಿಂದ ದೂರ ಕೂರಿಸಿ ಲಿಂಬೆಹಣ್ಣಿನಷ್ಟು ಹಿಟ್ಟು ಕೊಡು. ನೀನು ತಟ್ಟಿದರೆ ಅದೂ ತಟ್ಟುತ್ತದೆ. ಜೋರಾಗಿ ತಟ್ಟು, ಮೆಲ್ಲಗೆ ತಟ್ಟು, ಥಟ್ಟನೆ ನಿಲ್ಲಿಸು. ಅದೂ ಕೈ ತಡೆದು ನಿನ್ನನ್ನೇ ನೋಡುತ್ತದೆ. ಆ ತಡೆಯುವುದಿದೆಯಲ್ಲ, ಅದು ದೊಡ್ಡ ಕಲಿಕೆ. ಸಾಲೆಯಲ್ಲಿ ತನ್ನ ಸರದಿಗೆ ಕಾದು ಕೂರಲು ಬೇಕಾಗುವುದು ಅದೇ.

ನಮ್ಮ ಹಿರೇಕೆರೂರು ಸೀಮೆಯಲ್ಲಿ ಗೋವಿನಜೋಳಕ್ಕೇನು ಬರವೇ? ಒಂದು ಸಣ್ಣ ಬಾಟಲಿಗೆ ಹಿಡಿ ಗೋವಿನಜೋಳ, ಇನ್ನೊಂದಕ್ಕೆ ಅಕ್ಕಿ ಹಾಕು, ಎರಡು ಗಿಲಕಿಯಾದವು. ಬೆನ್ನ ಹಿಂದೆ ಆಡಿಸಿ ಯಾವುದೆಂದು ಕೇಳು. ಮುಚ್ಚಳ ಮಾತ್ರ ಬಿಗಿಯಾಗಿರಲಿ. ಕಾಳು, ಶೇಂಗಾ, ಹುಣಸೆಬೀಜ ಮೂಗಿಗೋ ಗಂಟಲಿಗೋ ಸೇರಿದರೆ ಜೀವಕ್ಕೇ ಕುತ್ತು.

ಮೂರು ತುಂಬಿದ ಮಕ್ಕಳ ಕೈಗೆ ಬಳಪ ಹಿಡಿಸುವ ಆತುರ ಬೇಡ. ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಗುಳ್ಳವ್ವ ಬಂದಾಗ ಪೇಟೆಯಿಂದ ಬಣ್ಣದ ಎತ್ತು ತಂದು ಜಗಲಿ ಮೇಲಿಟ್ಟರೆ ಮಗುವಿಗೆ ಏನೂ ದಕ್ಕುವುದಿಲ್ಲ. ಹಸಿ ಮಣ್ಣು ಕೊಡು. ಕೋಡು ಸೊಟ್ಟಗಾಗಲಿ, ಒಂದು ಕಾಲು ಮುರಿಯಲಿ, ನೀನು ತಿದ್ದಬೇಡ. ಮಣ್ಣು ನಾದಿದ ಬೆರಳಿಗೆ ಬಳಪ ಹಿಡಿಯುವ ಬಲ ತಾನಾಗಿ ಬರುತ್ತದೆ.

ಮಗು ತಾನಾಗಿ ಏನು ಮಾಡುತ್ತದೆಂದು ನೋಡುತ್ತಲೂ ಇರಬೇಕು. ಹಾನಗಲ್ಲ ತಾಲ್ಲೂಕಿನಲ್ಲಿ 1914ರಲ್ಲಿ ಹುಟ್ಟಿದ ಸಂಗೀತಗಾರ ಪುಟ್ಟರಾಜ ಗವಾಯಿಗಳು ಕೂಸಿದ್ದಾಗಲೇ ಕಣ್ಣು ಕಳೆದುಕೊಂಡವರು. ಸೋದರಮಾವನ ಹಾರ್ಮೋನಿಯಂ ಮೇಲೆ ಹುಡುಗನ ಬೆರಳು ಆಡಿದ್ದನ್ನು ಆ ಮಾವ ಗಮನಿಸಿದರು, ಸಂಗೀತ ಕಲಿಯಲು ಪಂಚಾಕ್ಷರಿ ಗವಾಯಿಗಳ ಬಳಿ ಬಿಟ್ಟರು. ಎಲ್ಲ ಮಕ್ಕಳೂ ಗವಾಯಿಗಳಾಗಬೇಕೆಂದು ನಾನು ಹೇಳುತ್ತಿಲ್ಲ. ಗಮನಿಸುವವರೊಬ್ಬರು ಮನೆಯಲ್ಲಿರಬೇಕು, ಅಷ್ಟೇ. ಅದು ನೀನೇ ಆಗಬೇಕೆಂದೂ ಇಲ್ಲ. ಸಂಜೆ ಹೊಲದಿಂದ ಬಂದ ಕೂಸಿನ ಅಪ್ಪ ಕಾಲ ಮೇಲೆ ಕೂರಿಸಿಕೊಂಡು ಉಯ್ಯಾಲೆ ಆಡಿಸಲಿ, ಅಜ್ಜ ಭಜನೆಯ ತಾಳ ಕೈಗೆ ಕೊಡಲಿ.

ಕೊನೆಗೊಂದು ಮಾತು, ಇದನ್ನು ಮರೆಯಬೇಡ. ಆರು ತಿಂಗಳಾದರೂ ಗಿಲಕಿಯ ಸದ್ದಿಗೆ ಕೂಸು ತಿರುಗದಿದ್ದರೆ, ‘ನಮ್ಮ ಮನೆತನದಲ್ಲಿ ಎಲ್ಲರೂ ತಡವೇ’ ಎನ್ನುವವರ ಮಾತು ಕೇಳಬೇಡ. ಆಶಾ ಕಾರ್ಯಕರ್ತೆಗೆ ತಿಳಿಸಿ ಆ ವಾರದಲ್ಲೇ ತಾಲ್ಲೂಕು ಆಸ್ಪತ್ರೆಗೆ ಒಯ್ದು ಕಿವಿ ತೋರಿಸು.