ಬಿಚ್ಚುವ ಮುನ್ನ ಎಂಜಿನ್ ತೊಳೆಯಿರಿ

ಮುಂಗಾರು ಮಳೆ ಬಿದ್ದು ನೆಲ ಹದಕ್ಕೆ ಬಂದಾಗ ಟ್ರ್ಯಾಕ್ಟರ್ ಕೆಟ್ಟು ನಿಂತರೆ ಬಿತ್ತನೆ ಹಿಂದೆ ಬೀಳುತ್ತದೆ. ಆ ಆತುರದಲ್ಲಿ ಎಣ್ಣೆ, ಮಣ್ಣು ಮೆತ್ತಿದ ಎಂಜಿನ್ನನ್ನು ಹಾಗೆಯೇ ಬಿಚ್ಚಿಸುವ ರೈತರುಂಟು. ಬಿಚ್ಚುವಾಗ ಉದುರುವ ಮಣ್ಣು ಒಳಗೆ ಸೇರಿದರೆ ಇಂದಿನ ರಿಪೇರಿಯೇ ಮುಂದಿನ ರಿಪೇರಿಗೆ ಕಾರಣವಾಗುತ್ತದೆ.

ಮಣ್ಣಿನಿಂದಾಗುವ ಹಾನಿ

ಮರಳಿನ ಕಣ ಬೀಡುಕಬ್ಬಿಣಕ್ಕಿಂತ ಗಟ್ಟಿಯಾದುದು. ಅದು ಎಣ್ಣೆಯೊಡನೆ ಬೆರೆತರೆ ಪಿಸ್ಟನ್ ರಿಂಗು, ಸಿಲಿಂಡರ್ ಮತ್ತು ಬೇರಿಂಗುಗಳನ್ನು ಸಾಣೆ ಹಿಡಿದಂತೆ ಸವೆಸುತ್ತದೆ. ಡೀಸೆಲ್ ಪಂಪಿನ ಪ್ಲಂಜರಿನ ಸುತ್ತ ಇರುವ ಸಂದು ಕೆಲವೇ ಮೈಕ್ರಾನಿನಷ್ಟು. ಒಂದು ಮಿಲಿಮೀಟರನ್ನು 1000 ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಒಂದು ಮೈಕ್ರಾನ್. ಕಣ್ಣಿಗೆ ಕಾಣದ ಧೂಳು ಕೂಡ ಇಂಥ ಪಂಪನ್ನು ಕೆಡಿಸಬಲ್ಲದು.

ತೊಳೆಯುವ ಕ್ರಮ

1. ಎಂಜಿನ್ ಪೂರ್ಣವಾಗಿ ಆರಲಿ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಡೀಸೆಲ್ ಪಂಪು ಹಿಡಿದುಕೊಳ್ಳಬಹುದು.

2. ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ಕಳಚಿರಿ.

3. ಏರ್ ಕ್ಲೀನರಿನ ಬಾಯಿ, ಹೊಗೆ ಕೊಳವೆ, ಎಣ್ಣೆ ತುಂಬುವ ಬಾಯಿ, ಆಲ್ಟರ್ನೇಟರ್ ಮತ್ತು ಸ್ಟಾರ್ಟರುಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಗಿಯಾಗಿ ಕಟ್ಟಿರಿ.

4. ಗಟ್ಟಿಯಾದ ಜಿಡ್ಡನ್ನು ಮರದ ಚಕ್ಕೆಯಿಂದ ಕೆರೆದು ತೆಗೆಯಿರಿ.

5. ಉಳಿದ ಜಿಡ್ಡಿಗೆ ಬ್ರಷ್ಷಿನಿಂದ ಡೀಸೆಲ್ ಹಚ್ಚಿ, 10-15 ನಿಮಿಷ ನೆನೆಯಲು ಬಿಡಿ. ಬಳಿಕ ಸೋಪಿನ ಪುಡಿ ಕರಗಿಸಿದ ನೀರಿನಿಂದ ಉಜ್ಜಿರಿ. ಪೆಟ್ರೋಲನ್ನು ಎಂದಿಗೂ ಬಳಸಬಾರದು. ಬೀಡಿ, ಬೆಂಕಿ ಹತ್ತಿರ ಸುಳಿಯಕೂಡದು. ಕಾಸ್ಟಿಕ್ ಸೋಡಾ ಅಲ್ಯುಮಿನಿಯಂ ಭಾಗಗಳನ್ನು ತಿನ್ನುವುದರಿಂದ ಅದೂ ಬೇಡ.

6. ರಭಸವಿಲ್ಲದ ನೀರಿನಿಂದ ತೊಳೆದು, ನೂಲು ಬಿಡದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಲು ಬಿಡಿ.

ಈ ಕೊಳೆನೀರು ಬಾವಿ, ಕಾಲುವೆ ಅಥವಾ ಹೊಲಕ್ಕೆ ಹರಿಯದಂತೆ ನೋಡಿಕೊಳ್ಳಿರಿ.

ಇನ್ನೊಂದು ಲಾಭ

ಜಿಡ್ಡಿನ ಅಡಿಯಲ್ಲಿ ಎಣ್ಣೆ ಎಲ್ಲಿಂದ ಸೋರುತ್ತದೆಂದು ತಿಳಿಯುವುದಿಲ್ಲ. ತೊಳೆದು ಒಣಗಿಸಿದ ಮೇಲೆ, ಎಂಜಿನ್ ನಡೆಯುವ ಸ್ಥಿತಿಯಲ್ಲಿದ್ದರೆ, ಕಟ್ಟಿದ ಹಾಳೆಗಳನ್ನೆಲ್ಲ ಬಿಚ್ಚಿ, ಬ್ಯಾಟರಿ ಜೋಡಿಸಿ, ಸ್ವಲ್ಪ ಹೊತ್ತು ನಡೆಸಿ ನೋಡಿರಿ. ಸೋರುವ ಜಾಗ ತಾನೇ ಕಾಣುತ್ತದೆ. ಕೆಲವೊಮ್ಮೆ ಸಡಿಲವಾದ ಒಂದು ನಟ್ಟನ್ನು ಬಿಗಿ ಮಾಡಿದರೆ ಸಾಕು, ಎಂಜಿನ್ ಬಿಚ್ಚುವ ಅಗತ್ಯವೇ ಬರುವುದಿಲ್ಲ.

ಬಿಚ್ಚಲೇಬೇಕಾದರೆ, ಕಳಚಿದ ಪ್ರತಿಯೊಂದು ಕೊಳವೆಯ ಬಾಯನ್ನು ಕೂಡಲೇ ಮುಚ್ಚಿರಿ. ಭಾಗಗಳನ್ನು ನೆಲದ ಮೇಲಿಡದೆ ಶುಭ್ರವಾದ ತಟ್ಟೆಯಲ್ಲಿಡಿ. ಮೆಕ್ಯಾನಿಕ್ ಬರುವ ಹಿಂದಿನ ದಿನವೇ ಎಂಜಿನ್ ತೊಳೆದಿಟ್ಟರೆ ಅವರ ಸಮಯವೂ ನಿಮ್ಮ ಹಣವೂ ಉಳಿಯುತ್ತದೆ. ಬೇಸಿಗೆಯಲ್ಲೇ ಈ ಕೆಲಸ ಮುಗಿಸಿದವರಿಗೆ ಮುಂಗಾರಿನ ಹದ ಕೈತಪ್ಪುವ ಭಯ ಕಡಿಮೆ.